ಕೇಳಿದರೆ ನಿಲ್ಲುವ ಮಾತು

– ‘ಉತ್ಪಾದಕತೆಯನ್ನು ಶೇಕಡ 40ರಷ್ಟು ಹೆಚ್ಚಿಸಿದ್ದೇನೆ’ ಅಂತ ಬರೆದಿದ್ದೀಯಲ್ಲ ಪುಟ್ಟಿ, ಯಾವುದರ 40?

– ಅದಾ ಚಿಕ್ಕಮ್ಮ? ನನ್ನ ಕೆಲಸ ಏನು ಅಂತ ಎಐಗೆ ಎರಡು ಸಾಲು ಹೇಳಿ, ಲಿಂಕ್ಡ್‌ಇನ್‌ಗೆ ಪ್ರೊಫೈಲ್ ಬರೆದುಕೊಡು ಅಂದೆ. ಆ ಸಂಖ್ಯೆ ಅದೇ ಹಾಕಿದ್ದು. ನನ್ನ ಬ್ಯಾಚಿನವರ ಪ್ರೊಫೈಲ್‌ಗಳಲ್ಲೆಲ್ಲ ಇಂಥದ್ದೊಂದು ಸಂಖ್ಯೆ ಇದೆ. ಇರಲಿ ಅಂತ ಬಿಟ್ಟೆ.

– ಕಾರ್ಖಾನೆಗಳಿಗೆ ಜನ ಆರಿಸಿಕೊಡೋ ಕೆಲಸದಲ್ಲಿ ಇಷ್ಟು ವರ್ಷ ಕಳೆದವಳು ನಾನು. ಇಂಟರ್‌ವ್ಯೂನಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಮೊದಲು ಬೆರಳಿಡೋದು ಇಂಥ ಸಾಲಿನ ಮೇಲೇ. ಯಾವ ಮಷೀನು? ಶಿಫ್ಟ್‌ಗೆ ಎಷ್ಟು ಪೀಸ್ ಬರ್ತಿತ್ತು, ಆಮೇಲೆ ಎಷ್ಟಾಯ್ತು? ಸೈಕಲ್ ಟೈಮ್ ಇಳೀತಾ, ಸೆಟ್ಟಿಂಗ್ ಟೈಮ್ ಇಳೀತಾ, ರಿಜೆಕ್ಷನ್ ಕಮ್ಮಿಯಾಯ್ತಾ? ಅಲ್ಲಿ ನೀನು ತಡವರಿಸಿದರೆ ಆ ಒಂದು ಸಾಲು ಬಿದ್ದುಹೋಗೋದು ಮಾತ್ರ ಅಲ್ಲ, ನೀನು ಕೈಯಾರೆ ಮಾಡಿದ ಕೆಲಸವನ್ನೂ ಅವರು ಅನುಮಾನದಿಂದ ನೋಡೋಕೆ ಶುರು ಮಾಡ್ತಾರೆ. ನನಗೆ ಸಂಕಟ ಆಗೋದು ಅದಕ್ಕೆ. ಈಗ ಇದನ್ನು ಪಕ್ಕಕ್ಕಿಡು. ಪೀಣ್ಯದ ಆ ಶಾಪ್‌ನಲ್ಲಿ ನೀನು ಏನು ಮಾಡ್ತೀಯ, ನನಗೆ ಹೇಳು.

– ಪಂಪ್‌ಗೆ ಹಾಕೋ ಫ್ಲ್ಯಾಂಜ್ ಮಾಡ್ತೀವಿ. ಮೂರು ಸೈಜು. ವಿಎಂಸಿ ಮಷೀನ್ ಮೇಲೆ ಒಂದು ಸೈಜಿಂದ ಇನ್ನೊಂದು ಸೈಜಿಗೆ ಹೋಗಬೇಕಾದಾಗಲೆಲ್ಲ ಫಿಕ್ಸ್‌ಚರ್ ಬಿಚ್ಚಿ, ಬೇರೆ ಕಟ್ಟಿ, ಡಯಲ್ ಹಿಡಿದು ನೇರ ಮಾಡಿ, ಆಫ್‌ಸೆಟ್ ಮತ್ತೆ ತಗೋಬೇಕಿತ್ತು. ಸುಮಾರು ಎರಡು ಗಂಟೆ ಮಷೀನ್ ಸುಮ್ಮನೆ ನಿಂತಿರೋದು. ಟೇಬಲ್ ಮೇಲೆ ಒಂದು ಬೇಸ್ ಪ್ಲೇಟ್ ಖಾಯಂ ಕೂರಿಸಿ, ಅದಕ್ಕೆ ಡೋವೆಲ್ ಪಿನ್ ಕೊಟ್ಟರೆ ಮೂರು ಫಿಕ್ಸ್‌ಚರೂ ಪ್ರತಿಸಲ ಅದೇ ಜಾಗದಲ್ಲಿ ಕೂರುತ್ತೆ, ಡಯಲ್ ಹಿಡಿಯೋದೇ ಬೇಡ ಅಂತ ನನಗೆ ಹೊಳೀತು. ಡ್ರಾಯಿಂಗ್ ಮಾಡಿಕೊಟ್ಟೆ. ಟೂಲ್‌ರೂಮ್‌ನವರು ಮಾಡಿದರು. ನಾನೇ ನಿಂತು ಸಮಯ ಅಳೆದೆ, ಈಗ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತೆ. ಫಸ್ಟ್ ಪೀಸ್ ಇನ್‌ಸ್ಪೆಕ್ಷನ್‌ಗೆ ಕಾಯೋ ಹೊತ್ತು ಅದರಲ್ಲಿ ಸೇರಿಲ್ಲ, ಅದು ಮುಂಚಿನಷ್ಟೇ ಇದೆ.

– ಆ ಕೊನೇ ಮಾತು ಹೇಳಿದೆಯಲ್ಲ, ಇನ್‌ಸ್ಪೆಕ್ಷನ್‌ಗೆ ಕಾಯೋ ಹೊತ್ತು ಸೇರಿಲ್ಲ ಅಂತ, ಅದನ್ನು ಮಷೀನ್ ಮುಂದೆ ನಿಂತವರು ಮಾತ್ರ ಹೇಳೋಕೆ ಸಾಧ್ಯ. ಇಷ್ಟು ಒಳ್ಳೆ ಕೆಲಸ ಮಾಡಿದ್ದೀಯ, ಇದರ ಒಂದು ಅಕ್ಷರವೂ ನೀನು ತೋರಿಸಿದ ಬರಹದಲ್ಲಿಲ್ಲ!

– ಅದು ಅಷ್ಟು ದೊಡ್ಡದೇನಲ್ಲ ಚಿಕ್ಕಮ್ಮ. ಟೂಲ್‌ರೂಮ್‌ನವರು ಮಾಡಿದ್ದು. ಸೆಟ್ಟಿಂಗ್ ಅನ್ನೋದನ್ನೇ ನನಗೆ ಕಲಿಸಿದವರು ನಮ್ಮ ಹಿರಿಯ ಸೆಟ್ಟರ್. ಅದನ್ನು ನಂದು ಅಂತ ಬರೆದುಕೊಂಡರೆ ಚೆನ್ನಾಗಿರಲ್ಲ.

– ಕೇಳಿಲ್ಲಿ. ಮಾಡದ ಶೇಕಡ 40ನ್ನು ಹಾಕಿಕೊಳ್ಳೋಕೆ ನಿನಗೆ ಸಂಕೋಚ ಆಗಲಿಲ್ಲ. ಮಾಡಿದ ಬೇಸ್ ಪ್ಲೇಟನ್ನು ಹೇಳಿಕೊಳ್ಳೋಕೆ ಸಂಕೋಚ ಆಗ್ತಿದೆ. ಇದು ನಿನ್ನೊಬ್ಬಳ ಕಥೆ ಅಲ್ಲ. ನಮ್ಮ ಊರುಗಳ ಕಡೆಯಿಂದ ಬಂದ ಹುಡುಗ ಹುಡುಗಿಯರಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೀನಿ, ಹುಡುಗಿಯರಲ್ಲಿ ಹೆಚ್ಚು. ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಅಂತ ಮನೆಯಲ್ಲಿ ಕಲಿಸಿರ್ತೀವಿ. ಒಳ್ಳೇದೇ. ಆದರೆ ಹೀಗೀಗೆ ಮಾಡಿದೆ ಅಂತ ಹೇಳೋದು ಹೊಗಳಿಕೆ ಅಲ್ಲ. ಹೇಳದೆ ಬಿಟ್ಟರೆ ಆ ಕೆಲಸ ಯಾರ ಲೆಕ್ಕಕ್ಕೋ ಹೋಗುತ್ತೆ, ಇಲ್ಲ ಯಾರ ಲೆಕ್ಕಕ್ಕೂ ಬರೋದೇ ಇಲ್ಲ. ಇದ್ದದ್ದಕ್ಕಿಂತ ಕಡಿಮೆ ಹೇಳಿದರೂ ಓದುವವರಿಗೆ ತಪ್ಪು ಚಿತ್ರವೇ ಸಿಗೋದು.

– ಹಾಗಾದರೆ ‘ನಾನು ಮಾಡಿದೆ’ ಅಂತ ಬರೀಲಾ, ‘ನಾವು ಮಾಡಿದೆವು’ ಅಂತ ಬರೀಲಾ?

– ಎರಡನ್ನೂ ಅದರದರ ಜಾಗದಲ್ಲಿ ಬರಿ. ಯೋಚನೆ ನಿಂದು, ಡ್ರಾಯಿಂಗ್ ನಿಂದು, ಮೊದಲ ಸೆಟ್ಟಿಂಗ್‌ನಲ್ಲಿ ನಿಂತು ಸಮಯ ಅಳೆದದ್ದು ನೀನು. ತಯಾರಿಸಿದ್ದು ಟೂಲ್‌ರೂಮ್. ಶಿಫ್ಟ್ ಮುಗಿದಾಗ ಲಾಗ್‌ಬುಕ್‌ನಲ್ಲಿ ಬರೀತೀಯಲ್ಲ, ಇಂಥ ಮಷೀನು, ಇಂಥ ಜಾಬು, ಇನ್‌ಸರ್ಟ್ ಬದಲಾಯಿಸಿದೆ, ಇಷ್ಟು ಪೀಸ್ ರೀವರ್ಕ್‌ಗೆ ಇಟ್ಟಿದ್ದೀನಿ ಅಂತ, ಹಾಗೆ ಬರಿ. ಮುಂದಿನ ಶಿಫ್ಟಿನವರು ಅದನ್ನು ನಂಬಿ ಮಷೀನ್ ಆನ್ ಮಾಡ್ತಾರೆ. ಅಲ್ಲಿ ಯಾರೂ ಬಣ್ಣ ಹಚ್ಚಲ್ಲ, ಮಾಡಿದ್ದನ್ನು ಮುಚ್ಚಿಡೋದೂ ಇಲ್ಲ.

– ಅಷ್ಟು ಒಣಗಿಸಿ ಬರೆದರೆ ಯಾರು ಓದ್ತಾರೆ? ಲಿಂಕ್ಡ್‌ಇನ್ ತೆರೆದರೆ ಎಲ್ಲರೂ ಆಕಾಶದಲ್ಲಿದ್ದಾರೆ. ನಾನು ಫ್ಲ್ಯಾಂಜು, ಡೋವೆಲ್ ಪಿನ್ನು ಅಂತ ಬರ್ಕೊಂಡು ಕೂತರೆ ನನ್ನನ್ನು ಯಾರು ಕರೀತಾರೆ?

– ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ಕಡೆ ಕೂತವರು ಏನು ಮಾಡ್ತಾರೆ ಅಂತ ನಿನಗೆ ಗೊತ್ತಿರಬೇಕು. ಲಿಂಕ್ಡ್‌ಇನ್ ಶುರುವಾಗಿದ್ದು 2003ರಲ್ಲಿ. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು 2,620 ಕೋಟಿ ಡಾಲರ್‌ಗೆ ಕೊಂಡುಕೊಳ್ತು. 2023ರಲ್ಲಿ ಸದಸ್ಯರ ಸಂಖ್ಯೆ ನೂರು ಕೋಟಿ ದಾಟಿತು, ನಮ್ಮ ದೇಶದವರೇ ಹತ್ತು ಕೋಟಿಗಿಂತ ಹೆಚ್ಚು. ಇಷ್ಟು ಜನರಲ್ಲಿ ಯಾವ ರಿಕ್ರೂಟರೂ ಒಂದೊಂದೇ ಪ್ರೊಫೈಲ್ ಓದ್ತಾ ಕೂರಲ್ಲ. ಪದ ಕೊಟ್ಟು ಹುಡುಕ್ತಾರೆ. ವಿಎಂಸಿ ಬೇಕು, ಇಂಥ ಕಂಟ್ರೋಲರ್ ಗೊತ್ತಿರಬೇಕು, ಫಿಕ್ಸ್‌ಚರ್ ಡಿಸೈನ್ ಬೇಕು, ಬೆಂಗಳೂರಲ್ಲಿರಬೇಕು, ಇಷ್ಟು ವರ್ಷ ಅನುಭವ ಇರಬೇಕು. ‘ಕನಸುಗಾರ್ತಿ’, ‘ಫಲಿತಾಂಶಕ್ಕಾಗಿ ತುಡಿಯುವವಳು’ ಅಂತ ಯಾರೂ ಹುಡುಕಲ್ಲ. ನೀನು ಒಣ ಅಂತಿದ್ದೀಯಲ್ಲ, ಆ ಪದಗಳೇ ನಿನ್ನನ್ನು ಅವರ ಪರದೆಗೆ ತರೋದು. ಹೆಸರಿನ ಕೆಳಗಿರೋ ಹೆಡ್‌ಲೈನ್‌ನಲ್ಲಿ 220 ಅಕ್ಷರಕ್ಕೆ ಜಾಗ ಇದೆ. ಅಲ್ಲಿ ವಿಎಂಸಿ, ಫಾನುಕ್ ಕಂಟ್ರೋಲರ್, ಫಿಕ್ಸ್‌ಚರ್ ಡಿಸೈನ್ ಇವು ಇರಲಿ.

– ಹೆಡ್‌ಲೈನ್‌ನಲ್ಲಿ ‘ಪ್ರೊಸೆಸ್ ಇಂಜಿನಿಯರ್’ ಅಂತ ಹಾಕಬಹುದಾ? ಲೆಟರ್‌ನಲ್ಲಿ ಈಗಲೂ ‘ಟ್ರೈನಿ’ ಅಂತಲೇ ಇದೆ. ಪ್ರೊಸೆಸ್ ಕೆಲಸವೆಲ್ಲ ಮಾಡೋದು ನಾನೇ. ಹುದ್ದೆ ಬದಲಾಯಿಸಿ ಅಂತ ಕೇಳಿ ಕೇಳಿ ಸಾಕಾಯ್ತು.

– ಸಣ್ಣ ಶಾಪ್‌ಗಳಲ್ಲಿ ಇದು ಇದ್ದದ್ದೇ. ಕೆಲಸ ಇಂಜಿನಿಯರ್‌ದು, ಕಾಗದ ಟ್ರೈನಿದು. ಅನ್ಯಾಯ ಅಂತಲೇ ನಾನೂ ಹೇಳ್ತೀನಿ. ಆದರೂ ಅನುಭವದ ಕಾಲಂನಲ್ಲಿ ಹುದ್ದೆ ಅಂತ ಕೇಳುವ ಕಡೆ ಲೆಟರ್‌ನಲ್ಲಿ ಇರೋದನ್ನೇ ಬರಿ. ಅದರ ಕೆಳಗೆ ಏನೇನು ಮಾಡ್ತೀಯ ಅನ್ನೋದನ್ನು ಪೂರ್ತಿ ಹೇಳು. ಹೆಡ್‌ಲೈನ್ ನಿಂದು, ಕಂಪನಿದಲ್ಲ. ಅಲ್ಲಿ ‘ಮಷೀನಿಂಗ್ ಪ್ರೊಸೆಸ್ ಮತ್ತು ಫಿಕ್ಸ್‌ಚರ್ ಡಿಸೈನ್’ ಅಂತ ಕೆಲಸದ ಹೆಸರು ಹಾಕು, ಹುದ್ದೆಯ ಹೆಸರು ಬೇಡ. ಇಂಟರ್‌ವ್ಯೂನಲ್ಲಿ ಯಾರಾದರೂ ಕೇಳಿದರೆ ಎರಡಕ್ಕೂ ನಿನ್ನ ಹತ್ತಿರ ನೇರ ಉತ್ತರ ಇರುತ್ತೆ.

– ಒಂದು ಪದ ಅತ್ತಿತ್ತ ಆದರೆ ಇಷ್ಟೆಲ್ಲ ಆಗುತ್ತಾ? ಯಾರು ಚೆಕ್ ಮಾಡ್ತಾರೆ?

– ಈಗ ಬಹಳ ಕಡೆ ಚೆಕ್ ಮಾಡ್ತಾರೆ. ನಿನ್ನ ಪಿಎಫ್‌ನ ಯುಎಎನ್ ನಂಬರ್ ಇದೆಯಲ್ಲ, 2014ರಲ್ಲಿ ಶುರುವಾದ ವ್ಯವಸ್ಥೆ ಅದು, ಅದರ ಸರ್ವಿಸ್ ಹಿಸ್ಟರಿಯಲ್ಲಿ ಯಾವ ಕಂಪನಿಗೆ ಯಾವತ್ತು ಸೇರಿದೆ, ಯಾವತ್ತು ಬಿಟ್ಟೆ ಎಲ್ಲ ಇರುತ್ತೆ. ಮಾರ್ಕ್ಸ್‌ಕಾರ್ಡು, ಡಿಗ್ರಿ ಸರ್ಟಿಫಿಕೇಟು ಡಿಜಿಲಾಕರ್‌ನಲ್ಲೇ ಸಿಗುತ್ತೆ. ಐಟಿಯವರು 2006ರಲ್ಲೇ ನಾಸ್ಕಾಂ ಮೂಲಕ ನ್ಯಾಷನಲ್ ಸ್ಕಿಲ್ಸ್ ರಿಜಿಸ್ಟ್ರಿ ಅಂತ ಮಾಡಿಕೊಂಡರು, ಇದೇ ಪರಿಶೀಲನೆಗೆ. 2022ರ ನವೆಂಬರ್‌ನಲ್ಲಿ ಆಕ್ಸೆಂಚರ್ ಇಂಡಿಯಾ, ಸುಳ್ಳು ಕಂಪನಿಗಳ ಹೆಸರಲ್ಲಿ ಅನುಭವ ಪತ್ರ ತಂದು ಸೇರಿದ್ದವರನ್ನು ಪತ್ತೆಹಚ್ಚಿ ಹೊರಗೆ ಕಳಿಸಿದೆವು ಅಂತ ತಾನೇ ಹೇಳ್ತು. ಅಂಥ ಪತ್ರ ಮಾಡಿಸಿಕೊಳ್ಳೋಕೆ ಎಷ್ಟೋ ಮಕ್ಕಳು ಅಪ್ಪ ಅಮ್ಮನ ದುಡ್ಡು ಸುರಿದಿರ್ತಾರೆ. ಅವರನ್ನು ನೆನೆದರೆ ನನಗೆ ಕೋಪಕ್ಕಿಂತ ಹೆಚ್ಚು ನೋವಾಗುತ್ತೆ. ಪತ್ರ ಮಾರಿದವನಿಗೆ ಏನೂ ಆಗಿರಲ್ಲ.

– ನಮ್ಮಂಥ ಸಣ್ಣವರಿಗೆ ಇದೆಲ್ಲ. ದೊಡ್ಡ ಜಾಗದಲ್ಲಿ ಕೂತವರು ಏನು ಬರೆದರೂ ನಡೆಯುತ್ತೆ.

– ನಡೆಯಲ್ಲ. ಯಾಹೂ ಕಂಪನಿಗೆ 2012ರ ಜನವರಿಯಲ್ಲಿ ಸ್ಕಾಟ್ ಥಾಂಪ್ಸನ್ ಅನ್ನೋರು ಸಿಇಒ ಆಗಿ ಬಂದರು. ಕಂಪನಿ ಸರ್ಕಾರಕ್ಕೆ ಸಲ್ಲಿಸಿದ ದಾಖಲೆಯಲ್ಲಿ ಅವರಿಗೆ ಸ್ಟೋನ್‌ಹಿಲ್ ಕಾಲೇಜಿನಿಂದ ಅಕೌಂಟಿಂಗ್ ಮತ್ತು ಕಂಪ್ಯೂಟರ್ ಸೈನ್ಸ್ ಎರಡರಲ್ಲೂ ಡಿಗ್ರಿ ಇದೆ ಅಂತಿತ್ತು. ಇದ್ದದ್ದು ಅಕೌಂಟಿಂಗ್ ಮಾತ್ರ. ಅವರು ಓದಿದ ಕಾಲಕ್ಕೆ ಆ ಕಾಲೇಜು ಕಂಪ್ಯೂಟರ್ ಸೈನ್ಸ್ ಡಿಗ್ರಿಯನ್ನೇ ಕೊಡ್ತಿರಲಿಲ್ಲ. ಷೇರುದಾರರೊಬ್ಬರು ಕಾಲೇಜಿಗೆ ವಿಚಾರಿಸಿ ಬಯಲು ಮಾಡಿದರು. ಮೇ ತಿಂಗಳಲ್ಲಿ ಥಾಂಪ್ಸನ್ ಹುದ್ದೆ ಬಿಟ್ಟರು. ಅದಕ್ಕೂ ಮುಂಚೆ 2007ರಲ್ಲಿ ಅಮೆರಿಕದ ಎಂಐಟಿಯ ಅಡ್ಮಿಷನ್ ಡೀನ್ ಮಾರಿಲೀ ಜೋನ್ಸ್ ಅವರದ್ದೂ ಇಂಥದ್ದೇ ಕಥೆ. ಆ ಸಂಸ್ಥೆಯಲ್ಲಿ 28 ವರ್ಷ ದುಡಿದವರು, ಒಳ್ಳೆ ಹೆಸರು ಪಡೆದವರು. ಸೇರುವಾಗ ಇಲ್ಲದ ಡಿಗ್ರಿಗಳನ್ನು ಬರೆದುಕೊಂಡಿದ್ದು ಗೊತ್ತಾಗಿ ರಾಜೀನಾಮೆ ಕೊಡಬೇಕಾಯ್ತು. ಯೋಚನೆ ಮಾಡು, ಆ ಕೆಲಸವನ್ನು ಅವರು ಚೆನ್ನಾಗಿ ಮಾಡಬಲ್ಲವರೇ ಆಗಿದ್ದರು. ಅಷ್ಟು ವರ್ಷದ ದುಡಿಮೆಯ ಜೊತೆಗೆ ಒಂದು ಸುಳ್ಳು ಸಾಲನ್ನೂ ಕಾಯ್ಕೊಂಡು ಬರಬೇಕಾಯ್ತಲ್ಲ, ಅದು ಎಂಥ ಭಾರ.

– ನನ್ನ ವಿಷಯದಲ್ಲಿ ಭಾರ ಅಂದರೆ ಆ ಒಂದು ವರ್ಷ ಚಿಕ್ಕಮ್ಮ. ಅಪ್ಪನಿಗೆ ಸ್ಟ್ರೋಕ್ ಆದಾಗ ನಾನು ಮೊದಲನೇ ಕೆಲಸ ಬಿಟ್ಟು ಹಾಸನಕ್ಕೆ ಬಂದೆನಲ್ಲ. ಅದನ್ನು ಎಲ್ಲಿ ಹಾಕಲಿ? ಹಳೇ ಕಂಪನಿಯ ಕೊನೇ ತಿಂಗಳನ್ನು ಮುಂದಕ್ಕೆ, ಈ ಕಂಪನಿಗೆ ಸೇರಿದ ತಿಂಗಳನ್ನು ಹಿಂದಕ್ಕೆ ಸ್ವಲ್ಪ ಸರಿಸಿದರೆ ಖಾಲಿ ಜಾಗ ಕಾಣಲ್ಲ ಅಂತ ಫ್ರೆಂಡ್ ಹೇಳಿದಳು.

– ಸರಿಸಬೇಡ. ರಿಲೀವಿಂಗ್ ಲೆಟರ್‌ನಲ್ಲಿ ತಾರೀಖು ಇದೆ, ಪಿಎಫ್‌ನಲ್ಲೂ ಇದೆ. ಅದಕ್ಕಿಂತ ಮುಖ್ಯವಾಗಿ, ಆ ವರ್ಷವನ್ನು ಯಾಕೆ ಮುಚ್ಚಿಡಬೇಕು? ನಿಮ್ಮಮ್ಮ ಒಬ್ಬಳೇ ಇದ್ದಾಗ ನೀನು ಬಂದು ನಿಂತೆ. ಫಿಸಿಯೋಥೆರಪಿಗೆ ಕರ್ಕೊಂಡು ಹೋಗೋದು, ಇನ್ಶೂರೆನ್ಸ್ ಕಾಗದಪತ್ರ, ಔಷಧಿಯ ಹೊತ್ತು, ಎಲ್ಲ ನೋಡಿಕೊಂಡೆ. ನಾಚಿಕೊಳ್ಳೋಂಥದ್ದು ಅದರಲ್ಲಿ ಏನಿದೆ? ಲಿಂಕ್ಡ್‌ಇನ್ 2022ರಲ್ಲಿ ಕರಿಯರ್ ಬ್ರೇಕ್ ಅಂತ ಒಂದು ವಿಭಾಗವನ್ನೇ ಸೇರಿಸಿದೆ. ಆರೈಕೆ, ಪೂರ್ಣಾವಧಿ ಮಕ್ಕಳ ಪಾಲನೆ, ಕೆಲಸ ಹೋದದ್ದು, ಊರು ಬದಲಾಯಿಸಿದ್ದು, ಹೀಗೆ ಆರಿಸಿಕೊಳ್ಳಬಹುದು. ‘ಆರೈಕೆ’ ಆರಿಸಿ, ಇಷ್ಟರಿಂದ ಇಷ್ಟರವರೆಗೆ ಅಂತ ತಿಂಗಳು ಹಾಕು.

– ಸ್ಟ್ರೋಕ್ ಅಂತ ಬರೀಬೇಕಾ?

– ಬೇಡ. ಕಾಯಿಲೆ ನಿಮ್ಮಪ್ಪನದು, ಅದನ್ನು ಊರಿಗೆಲ್ಲ ಹೇಳೋ ಹಕ್ಕು ನಿನಗಾಗಲೀ ನನಗಾಗಲೀ ಇಲ್ಲ. ‘ಮನೆಯ ಹಿರಿಯರ ಆರೈಕೆ’ ಅನ್ನೋದು ನಿಜ, ಮತ್ತೆ ಅಷ್ಟು ಸಾಕು. ಪ್ರಾಮಾಣಿಕವಾಗಿ ಇರೋದು ಅಂದರೆ ಬಾಗಿಲೆಲ್ಲ ತೆರೆದಿಡೋದು ಅಂತ ಕೆಲವರು ತಿಳ್ಕೊಂಡಿದ್ದಾರೆ. ಮನೆಯ ಕಷ್ಟ, ಕಂಪನಿಯ ಜಗಳ, ಕಣ್ಣೀರು ಎಲ್ಲ ಅಲ್ಲಿ ಹರಡ್ತಾರೆ. ಹೇಳಿದ್ದು ನಿಜವಾಗಿರಬೇಕು. ಎಷ್ಟು ಹೇಳಬೇಕು ಅನ್ನೋದು ನಿನ್ನ ಕೈಯಲ್ಲಿದೆ.

– ಆದರೂ ಗ್ಯಾಪ್ ನೋಡಿದ ಕೂಡಲೇ ಪಕ್ಕಕ್ಕೆ ಸರಿಸೋರು ಇದ್ದಾರಲ್ಲ?

– ಇದ್ದಾರೆ. ಇಲ್ಲ ಅಂತ ಸುಳ್ಳು ಹೇಳಲಾರೆ. ಹೆಣ್ಣುಮಕ್ಕಳ ಗ್ಯಾಪ್ ಅಂದರೆ ಮದುವೆ, ಹೆರಿಗೆ ಅಂತ ತಾವೇ ಊಹಿಸಿಕೊಂಡು ಕೆಳಗಿಡೋರೂ ಇದ್ದಾರೆ. ಅದು ಆ ಕಡೆಯವರು ತಿದ್ದಿಕೊಳ್ಳಬೇಕಾದ ವಿಷಯ, ಅದಕ್ಕಾಗಿ ನೀನು ತಾರೀಖು ತಿದ್ದಬಾರದು. ಖಾಲಿ ಜಾಗಕ್ಕಿಂತ ಕಾರಣ ಬರೆದ ಜಾಗ ಮೇಲು ಅಂತ ಮಾತ್ರ ಹೇಳಬಲ್ಲೆ, ಊಹೆಗೆ ಅವಕಾಶ ಕಮ್ಮಿ. ಆ ವರ್ಷ ನೀನು ಕೆಲಸಕ್ಕೆ ಸಂಬಂಧಪಟ್ಟದ್ದು ಏನಾದರೂ ಕಲಿತಿದ್ದರೆ ಅದನ್ನೂ ಸೇರಿಸು, ಇಲ್ಲದಿದ್ದರೆ ಹುಟ್ಟಿಸಬೇಡ.

– ಕಲಿತೆ. ರಾತ್ರಿ ಅಪ್ಪ ಮಲಗಿದ ಮೇಲೆ ಜಿಡಿ ಅಂಡ್ ಟಿ ಡ್ರಾಯಿಂಗ್ ಓದೋದನ್ನು ಎನ್‌ಪಿಟೆಲ್‌ನ ಆನ್‌ಲೈನ್ ಪಾಠ ನೋಡಿ ಅಭ್ಯಾಸ ಮಾಡಿದೆ. ಪರೀಕ್ಷೆ ಬರೀಲಿಲ್ಲ, ಸರ್ಟಿಫಿಕೇಟ್ ಇಲ್ಲ.

– ಹಾಗಾದರೆ ಸರ್ಟಿಫಿಕೇಟ್ ಕಾಲಂ ಖಾಲಿ ಇರಲಿ. ‘ಜಿಡಿ ಅಂಡ್ ಟಿ ಸ್ವಂತವಾಗಿ ಕಲಿತೆ, ಈಗ ದಿನವೂ ಬಳಸ್ತೀನಿ’ ಅಂತ ಪರಿಚಯದಲ್ಲಿ ಬರಿ. ಡ್ರಾಯಿಂಗ್ ಕೊಟ್ಟು ಪೊಸಿಷನ್ ಟಾಲರೆನ್ಸ್ ಓದು ಅಂದರೆ ನೀನು ಓದಿ ಹೇಳ್ತೀಯ ತಾನೇ?

– ಹೇಳ್ತೀನಿ. ಅಂದಹಾಗೆ, ಆ ಬೇಸ್ ಪ್ಲೇಟಿನ ಫೋಟೋ ಹಾಕಿದರೆ ಹೇಗೆ? ಫಿಕ್ಸ್‌ಚರ್ ಮೇಲೆ ಫ್ಲ್ಯಾಂಜ್ ಕೂತಿರೋ ಒಳ್ಳೆ ಫೋಟೋ ನನ್ನ ಹತ್ತಿರ ಇದೆ. ಸಾಕ್ಷಿನೂ ಆಗುತ್ತೆ.

– ಮೊದಲು ಕಂಪನಿಯಲ್ಲಿ ಕೇಳು. ಫ್ಲ್ಯಾಂಜ್ ಕಸ್ಟಮರ್‌ದು, ಅವರ ಡ್ರಾಯಿಂಗು, ಅವರ ಪಾರ್ಟ್ ನಂಬರು. ಗುಟ್ಟು ಕಾಪಾಡ್ತೀವಿ ಅಂತ ನಿಮ್ಮ ಮಾಲೀಕರು ಸಹಿ ಹಾಕಿಕೊಟ್ಟಿರಬಹುದು. ಹಿಂದುಗಡೆ ಬೋರ್ಡ್ ಮೇಲೆ ಅಂಟಿಸಿರೋ ಪ್ರೊಡಕ್ಷನ್ ಪ್ಲಾನ್ ಕೂಡ ಫೋಟೋದಲ್ಲಿ ಬಂದಿರುತ್ತೆ, ನೋಡು. ಒಪ್ಪಿಗೆ ಕೊಡದಿದ್ದರೆ ಜಾಬ್ ಇಲ್ಲದೆ, ಅಳತೆ ಇಲ್ಲದೆ, ಬೇಸ್ ಪ್ಲೇಟ್ ಮತ್ತು ಪಿನ್ ಹೇಗೆ ಕೆಲಸ ಮಾಡುತ್ತೆ ಅಂತ ನೀನೇ ಒಂದು ಸರಳ ಚಿತ್ರ ಬರೆದು ಹಾಕು. ಆ ಚಿತ್ರ ನೋಡಿದ ಇಂಜಿನಿಯರ್‌ಗೆ ನಿನ್ನ ತಲೆ ಹೇಗೆ ಓಡುತ್ತೆ ಅನ್ನೋದು ಗೊತ್ತಾಗುತ್ತೆ. ಕಸ್ಟಮರ್ ಗುಟ್ಟು ಕಾಪಾಡಿದ್ದೀಯ ಅನ್ನೋದೂ ಗೊತ್ತಾಗುತ್ತೆ.

– ಕೆಲಸ ಹುಡುಕ್ತಿದ್ದೀನಿ ಅಂತ ಫೋಟೋ ಸುತ್ತ ಹಸಿರು ಪಟ್ಟಿ ಬರುತ್ತಲ್ಲ, ಅದನ್ನು ಹಾಕಲಾ? ನಮ್ಮ ಮ್ಯಾನೇಜರ್ ನೋಡಿದರೆ ಕಷ್ಟ.

– ಪಟ್ಟಿ ಬೇಡ. ಅದರಲ್ಲೇ ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಆಯ್ಕೆ ಇದೆ. ನಿಮ್ಮ ಕಂಪನಿಯ ರಿಕ್ರೂಟರ್‌ಗಳಿಗೆ ತೋರಿಸದಿರೋಕೆ ಪ್ರಯತ್ನ ಮಾಡ್ತೀವಿ, ಪೂರ್ತಿ ಗುಟ್ಟಿನ ಭರವಸೆ ಕೊಡಲ್ಲ ಅಂತ ಲಿಂಕ್ಡ್‌ಇನ್‌ನವರೇ ಹೇಳ್ತಾರೆ, ಅದು ನೆನಪಿರಲಿ. ಪ್ರೊಫೈಲ್ ತಿದ್ದುವ ಮುಂಚೆ, ಬದಲಾವಣೆ ಮಾಡಿದ್ದನ್ನು ಪರಿಚಯದವರಿಗೆ ತಿಳಿಸೋ ಸೆಟ್ಟಿಂಗ್ ಆಫ್ ಮಾಡು. ಮೊಬೈಲ್ ನಂಬರ್, ಹುಟ್ಟಿದ ತಾರೀಖು, ಮನೆ ವಿಳಾಸ ಹಾಕಬೇಡ. ಕೆಲಸ ಕೊಡ್ತೀವಿ, ಮೊದಲು ರಿಜಿಸ್ಟ್ರೇಷನ್ ಅಂತ ದುಡ್ಡು ಕಟ್ಟಿ ಅನ್ನೋರು ಬಂದರೆ ಮಾತು ಅಲ್ಲೇ ನಿಲ್ಲಿಸು. ಹೆಸರು ಮಾತ್ರ ಎಲ್ಲ ಕಾಗದದಲ್ಲೂ ಒಂದೇ ಥರ ಇದೆಯಾ?

– ಎಲ್ಲಿದೆ? ಮಾರ್ಕ್ಸ್‌ಕಾರ್ಡಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು ಅಪ್ಪನ ಹೆಸರು ಎರಡೂ, ಆಧಾರ್‌ನಲ್ಲಿ ಅಪ್ಪನ ಹೆಸರು ಮಾತ್ರ.

– ನಮ್ಮ ಕಡೆ ಮನೆಮನೆಯಲ್ಲೂ ಇದೇ. ಸರ್‌ನೇಮ್ ಅಂತ ಇಟ್ಟುಕೊಳ್ಳದ ಜನ ನಾವು, ಫಾರಂ ಮಾಡೋರಿಗೆ ಅದು ಗೊತ್ತಿರಲ್ಲ. ಯಾರದೂ ತಪ್ಪಿಲ್ಲದಿದ್ದರೂ ವೆರಿಫಿಕೇಷನ್ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಮೊದಲು ಆಧಾರ್, ಪ್ಯಾನ್, ಪಿಎಫ್ ಮೂರನ್ನೂ ಒಂದೇ ಮಾಡಿಸು. ಪ್ರೊಫೈಲ್‌ನಲ್ಲೂ ಅದನ್ನೇ ಇಡು.

– ಸರಿ. ಇನ್ನು ಸ್ಕಿಲ್ಸ್. ಫ್ರೆಂಡ್ಸ್ ಹತ್ತಿರ ಎಲ್ಲದಕ್ಕೂ ಎಂಡಾರ್ಸ್ ಮಾಡಿಸ್ತೀನಿ.

– ಒಂದು ಗುಂಡಿ ಒತ್ತಿದರೆ ಆಗೋ ಎಂಡಾರ್ಸ್‌ಮೆಂಟ್ 2012ರಲ್ಲಿ ಬಂತು. ನಿನ್ನ ಕೆಲಸವನ್ನು ಕಣ್ಣಾರೆ ನೋಡದವರೂ ಒತ್ತಬಹುದು, ಅದಕ್ಕೇ ನಾವು ಅದರ ಮೇಲೆ ಭಾರ ಹಾಕಲ್ಲ. ಹೆಸರು ಹಾಕಿ ನಾಲ್ಕು ಸಾಲು ಬರೆದ ರೆಕಮಂಡೇಷನ್ ಒಂದಿದ್ದರೂ ನಿಂತು ಓದ್ತೀವಿ. ನಿನ್ನ ಕೆಲಸ ನೋಡಿದವರು ಯಾರು?

– ಟೂಲ್‌ರೂಮ್ ಇನ್‌ಚಾರ್ಜ್ ಸರ್ ಇದ್ದಾರೆ, ಬರೀತಾರೆ. ಅವರಿಗಿಂತ ಹೆಚ್ಚು ನೋಡಿದವರು ನಮ್ಮ ಸೆಟ್ಟರ್. ಮೊದಲ ವಾರ ಪಿನ್ ಬಿಗಿಯಾಗಿ ಫಿಕ್ಸ್‌ಚರ್ ಕೂರದೇ ಇದ್ದಾಗ, ನನ್ನ ಡ್ರಾಯಿಂಗ್‌ನಲ್ಲಿ ಫಿಟ್ ಎಲ್ಲಿ ಸಡಿಲ ಮಾಡಬೇಕು ಅಂತ ಹೇಳಿಕೊಟ್ಟವರು ಅವರೇ. ಎರಡನೇ ಪಿನ್ನನ್ನು ಡೈಮಂಡ್ ಪಿನ್ ಮಾಡು ಅಂದರು. ಆಮೇಲೇ ಅದು ಸರಿಹೋಗಿದ್ದು. ಆದರೆ ಅವರಿಗೆ ಲಿಂಕ್ಡ್‌ಇನ್ ಇಲ್ಲ, ಇಂಗ್ಲಿಷ್‌ನಲ್ಲಿ ಬರೆಯೋದೂ ಇಲ್ಲ.

– ಕೆಲಸ ಬಲ್ಲವರು ಎಷ್ಟೋ ಜನ ಆ ಜಾಲದ ಹೊರಗೇ ಇದ್ದಾರೆ. ನಿನ್ನ ಪ್ರೊಫೈಲ್‌ನಲ್ಲಿ ಅವರಿಗೊಂದು ಜಾಗ ಕೊಡು. ಬೇಸ್ ಪ್ಲೇಟ್ ವಿಷಯ ಬರೆಯುವಾಗ, ಹಿರಿಯ ಸೆಟ್ಟರ್ ಒಬ್ಬರ ಸಲಹೆಯಂತೆ ಎರಡನೇ ಪಿನ್ ಡೈಮಂಡ್ ಪಿನ್ ಮಾಡಿದೆ ಅಂತ ಸೇರಿಸು. ನಿನ್ನ ಪಾಲು ಅದರಿಂದ ಕಿರಿದಾಗಲ್ಲ. ಎರಡು ಉರುಟು ಪಿನ್ ಹಾಕಿ ಕಷ್ಟಪಟ್ಟವರು ಓದಿದರೆ, ಇವಳು ನಿಜವಾಗಿ ಮಾಡಿದವಳು ಅಂತ ಆ ಸಾಲಿಂದಲೇ ಗೊತ್ತುಮಾಡಿಕೊಳ್ತಾರೆ.

– ಹೆಸರು ಹಾಕಲಾ?

– ಅವರನ್ನು ಕೇಳು. ಒಪ್ಪಿದರೆ ಹಾಕು.

– ಈ ವಾರ ಸೆಕೆಂಡ್ ಶಿಫ್ಟ್‌ನಲ್ಲಿದ್ದಾರೆ, ಬೆಳಗ್ಗೆ ಮನೆಯಲ್ಲಿರ್ತಾರೆ. ಫೋನ್ ಮಾಡ್ತೀನಿ. ಅಷ್ಟರಲ್ಲಿ ಬೇಸ್ ಪ್ಲೇಟಿನ ನಾಲ್ಕು ಸಾಲು ನಾನೇ ಬರೀತೀನಿ, ಇಂಗ್ಲಿಷ್ ತಪ್ಪಿದ್ದರೆ ನೀವು ತಿದ್ದಿ. ಸಂಖ್ಯೆ ಮಾತ್ರ ಮುಟ್ಟಬೇಡಿ, ಎರಡು ಗಂಟೆ ಮತ್ತು ಮುಕ್ಕಾಲು ಗಂಟೆ, ಇನ್‌ಸ್ಪೆಕ್ಷನ್‌ಗೆ ಕಾಯೋದು ಬಿಟ್ಟು.